ಬೆಟಗೇರಿಯ ಮಾಳಿಗೆ ಮೇಲೊಂದು ಬೆಳಕಿನ ಗೆರೆ

ಗದಗ ನಿಲ್ದಾಣದಲ್ಲಿ ರೈಲು ನಿಂತಾಗ ಶನಿವಾರ ಬೆಳಗಿನ ಎಂಟು ಗಂಟೆ. ಫೆಬ್ರವರಿ ತಿಂಗಳಾದರೂ ಬಿಸಿಲು ಆಗಲೇ ಬೆನ್ನಿಗೆ ತಾಗುತ್ತಿತ್ತು. ನನ್ನ ಜೊತೆ ಇಳಿದದ್ದು ಒಂದು ಕೈಚೀಲ, ಎರಡು ಮರದ ಪೆಟ್ಟಿಗೆ. ಮೈಸೂರಿನಿಂದ ಹುಬ್ಬಳ್ಳಿಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಎರಡರಲ್ಲೂ ಪೆಟ್ಟಿಗೆ ಕಂಡವರೆಲ್ಲ ಒಳಗೇನಿದೆ ಎಂದು ಕೇಳಿದ್ದರು. ಹಾರ್ಮೋನಿಯಂ ಎಂದು ತಾವೇ ತೀರ್ಮಾನಿಸಿಕೊಂಡ ಒಬ್ಬ ಹಿರಿಯರು ಒಂದು ದೇವರನಾಮ ಹಾಡಮ್ಮ ಎಂದು ದುಂಬಾಲು ಬಿದ್ದರು. ದೀಪ ಮತ್ತು ಕನ್ನಡಿ ಎಂದು ನಾನು ನಿಜವನ್ನೇ ಹೇಳಿದೆ, ಅವರು ನಂಬಲಿಲ್ಲ.

ನಾನು ಮೈಸೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಉಪಕರಣಗಳನ್ನು ನೋಡಿಕೊಳ್ಳುವವಳು. ಪಾಠ ಮಾಡುವವರು ಬೇರೆ; ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವುದು ನನ್ನ ಪಾಲು. ಈ ಪೆಟ್ಟಿಗೆಗಳಲ್ಲಿದ್ದದ್ದು ನಮ್ಮಲ್ಲೇ ಜೋಡಿಸಿದ ಗಾಳಿ ಅಳೆಯುವ ಸಲಕರಣೆ. ನಿಲ್ದಾಣದ ಹೊರಗೆ ನನ್ನನ್ನು ಕಾಯುತ್ತಿದ್ದವರು ವೀರಪ್ಪ. ಗದುಗಿನ ಕಾಲೇಜೊಂದರ ಭೌತಶಾಸ್ತ್ರ ವಿಭಾಗದ ಅಟೆಂಡರ್, ನಿವೃತ್ತಿಗೆ ಇನ್ನು ಎರಡು ವರ್ಷ. ಒಮ್ಮೆ ತರಬೇತಿಗೆಂದು ನಮ್ಮಲ್ಲಿಗೆ ಬಂದಿದ್ದಾಗ ಈ ಸಲಕರಣೆಯನ್ನು ನೋಡಿದ್ದರು. ಈಗ ತಮ್ಮ ಓಣಿಯ ಗಾಳಿಯನ್ನು ಅಳೆದುಕೊಡಬೇಕೆಂದು ನಮ್ಮ ಮೇಷ್ಟರಿಗೆ ಪತ್ರ ಬರೆದು ನನ್ನನ್ನು ಕರೆಸಿಕೊಂಡಿದ್ದರು.

ಆಟೋದವನು ಇನ್ನೂರು ಕೇಳಿದ, ವೀರಪ್ಪ ನೂರೈವತ್ತಕ್ಕೆ ಇಳಿಸಿದರು. ಬೆಟಗೇರಿ ತಲುಪುವಷ್ಟರಲ್ಲಿ ವಿಷಯವೆಲ್ಲ ಹೇಳಿ ಮುಗಿಸಿದರು. ಅವರ ಓಣಿಯ ತುದಿಯಲ್ಲಿ ಲಕ್ಕವ್ವ ಎಂಬವರ ನೂಲಿಗೆ ಬಣ್ಣ ಹಾಕುವ ಶೆಡ್ ಇದೆ. ಸುತ್ತಲಿನ ಕೈಮಗ್ಗದ ಮನೆಗಳಿಗೆಲ್ಲ ಅಲ್ಲಿಂದಲೇ ಬಣ್ಣದ ನೂಲು. ಕೆಲವು ತಿಂಗಳಿಂದ ಮಧ್ಯಾಹ್ನವಾದರೆ ಓಣಿಯವರಿಗೆ ತಲೆನೋವು, ಕಣ್ಣುರಿ, ಪೆಟ್ರೋಲಿನಂಥ ವಾಸನೆ. ಬರುವ ಶುಕ್ರವಾರ ಹಿರಿಯರು ಕೂತು, ಶೆಡ್ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವವರಿದ್ದರು.

ಲಕ್ಕವ್ವನಿಗೆ ಅರವತ್ತು ದಾಟಿರಬೇಕು. ಮೊಣಕೈವರೆಗೆ ನೀಲಿ ಬಣ್ಣ, ಹಣೆಯಲ್ಲಿ ವಿಭೂತಿ. ಚಹಾ ಕೊಟ್ಟು ಎದುರಿಗೆ ಕೂತರು.

"ಅಕ್ಕೋರ, ನಿಮ್ಮ ಬೆಳಕು ನನ್ನ ಹಂಡೇದ ತಪ್ಪು ಅಂತ ತೋರಿಸಿದ್ರ ಶುಕ್ರಾರ ನಾನ ಒಲಿಗೆ ನೀರು ಹೊಯ್ತೀನಿ. ಯಾರೂ ಹೇಳೋದು ಬ್ಯಾಡ. ಆದ್ರ ಬರೇ ಮೂಗು ನಂಬಿ ನ್ಯಾಯ ಮಾಡಬಾರದು, ಅಷ್ಟ ನನ್ನ ಮಾತು."

ಕಾಸ್ಟಿಕ್ ಸೋಡಾ ಹಾಕಿದ ಹಂಡೆಯ ಹಬೆಗೆ ಒಂದು ಕೊಳೆತ ವಾಸನೆ ಇತ್ತು, ಸುಳ್ಳು ಹೇಳಲಾರೆ. ಆದರೆ ಪೆಟ್ರೋಲಿನ ವಾಸನೆ ಬೆಳಗಿನ ಆ ಹೊತ್ತಿಗೆ ನನ್ನ ಮೂಗಿಗೂ ಬರಲಿಲ್ಲ.

ಸಲಕರಣೆಯ ಕೆಲಸ ಬಹಳ ಸರಳ. ಒಂದು ಮಾಳಿಗೆಯ ಮೇಲೆ ಜೋರಾದ ದೀಪ, ದೂರದ ಇನ್ನೊಂದು ಮಾಳಿಗೆಯ ಮೇಲೆ ಕನ್ನಡಿ. ಬೆಳಕು ಓಣಿಯ ಮೇಲೆ ಹೋಗಿ, ಕನ್ನಡಿಗೆ ಬಡಿದು, ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ನಮಗೆ ಬೇಕಾದದ್ದು ಅದರಲ್ಲಿ ಕಣ್ಣಿಗೆ ಕಾಣದ ಭಾಗ, ನೇರಳೆಗಿಂತ ಆಚೆಯದು. ಗಾಳಿಯಲ್ಲಿ ಬೆಂಜೀನ್ ಇದ್ದರೆ ಆ ಕಾಣದ ಬೆಳಕಿನಲ್ಲಿ ತನಗೆ ಬೇಕಾದ ಕೆಲವು ಎಳೆಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ತಿರುಗಿ ಬಂದ ಬೆಳಕು ಅಲ್ಲಲ್ಲಿ ಹಲ್ಲು ಮುರಿದ ಬಾಚಣಿಗೆಯ ಹಾಗಿರುತ್ತದೆ. ಬೆಂಜೀನ್ ಮುರಿಯುವ ಹಲ್ಲುಗಳೇ ಬೇರೆ, ಟಾಲುಯೀನ್ ಮತ್ತು ಝೈಲೀನ್ ಮುರಿಯುವವೇ ಬೇರೆ. ಪೆಟ್ರೋಲ್, ಬಣ್ಣ, ಥಿನ್ನರ್‌ಗಳಿಂದ ಏಳುವ ಈ ಆವಿಗಳನ್ನು ಹಿಡಿಯಲು ಗಾಳಿಯನ್ನು ಸೀಸೆಗೆ ತುಂಬಿಕೊಂಡು ಹೋಗಬೇಕಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ದೀಪವನ್ನು, ಅಳತೆ ತೋರಿಸುವ ಪರದೆಯ ಜೊತೆ, ಶೆಡ್ಡಿಗೆ ಹೊಂದಿದ ಲಕ್ಕವ್ವನ ಮನೆಯ ಮಾಳಿಗೆಯ ಮೇಲಿಟ್ಟೆವು. ಕನ್ನಡಿಯನ್ನು ಓಣಿಯ ಇನ್ನೊಂದು ಕಡೆಗೆ, ವೀರಪ್ಪನವರ ಮಾಳಿಗೆಯ ಮೇಲೆ ನಿಲ್ಲಿಸಿದೆವು. ನಡುವೆ ಸುಮಾರು ನೂರಿಪ್ಪತ್ತು ಮೀಟರ್. ಗೆರೆ ಎಳೆದ ಹಾಗೆ ಎರಡನ್ನೂ ಎದುರುಬದುರು ಮಾಡುವುದರಲ್ಲೇ ಸಂಜೆಯಾಯಿತು.

ಭಾನುವಾರ ಬೆಳಿಗ್ಗೆ ಕನ್ನಡಿಯಿದ್ದ ಮಾಳಿಗೆ ಹತ್ತಿದರೆ ಅಲ್ಲಿ ಒಬ್ಬರು ಕೂತಿದ್ದರು. ಐವತ್ತರ ಆಸುಪಾಸು, ಕೂದಲಿನಲ್ಲೂ ಹಸಿರು ಬಣ್ಣದ ಚುಕ್ಕೆ. ಲಕ್ಕವ್ವನ ಪಕ್ಕದ ಮನೆಯ ಮಾನಪ್ಪ. ತಗಡಿನ ಟ್ರಂಕು ಮಾಡಿ, ಬಣ್ಣ ಹೊಡೆದು ಮಾರುವವರು. ಅವರ ತೊಡೆಯ ಮೇಲೆ ಹೊಚ್ಚಹೊಸ ತಗಡಿನ ಗೂಡೊಂದಿತ್ತು. ಮೂಲೆಗಳಿಗೆ ಮಡಿಕೆ ಹಾಕಿ ಬಡಿದ ರೀತಿಯನ್ನು ನೋಡಿದರೆ ನಮ್ಮ ವರ್ಕ್‌ಶಾಪಿನವರು ನಾಚಬೇಕು. ಮುಂಭಾಗಕ್ಕೆ ತೊಳೆದು ಒರೆಸಿದ ಗಾಜು.

"ರಾತ್ರಿಯೆಲ್ಲಾ ನೂಲಿನ ಧೂಳಿ ಬೀಳತೈತ್ರಿ ಅಕ್ಕೋರ. ಅಷ್ಟು ದೂರದಿಂದ ತಂದ ಕನ್ನಡಿ ಹಾಳಾಗಬಾರದಂತ ಒಂದು ಗೂಡು ಮಾಡೀನಿ. ಅಳತಿ ಸರಿ ಐತೇನು ನೋಡ್ರಿ."

ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಮ್ಮ ಮೇಷ್ಟರನ್ನು ಎಷ್ಟೋ ವರ್ಷದಿಂದ ಇಂಥದ್ದೊಂದು ಮುಚ್ಚಳ ಮಾಡಿಸಿಕೊಡಿ ಎಂದು ಕೇಳುತ್ತಿದ್ದೆ. ಯಾರೂ ಕೇಳದೆಯೇ ಒಬ್ಬರು ಮಾಡಿ ತಂದಿದ್ದರು. ಕನ್ನಡಿಯನ್ನು ಅದರೊಳಗಿಟ್ಟು ದೀಪ ಹಚ್ಚಿದೆ. ಬೆಳಕು ಥಳಥಳ ಹೊಳೆಯುತ್ತ ತಿರುಗಿ ಬಂತು. ಬೆಳಕಿನ ಮಟ್ಟ ತೋರಿಸುವ ಮುಳ್ಳು ಹಸಿರಿನಲ್ಲಿ ನಿಂತಿತು.

ಸಂಜೆಯವರೆಗೆ ಅಳೆದೆ. ಬೆಂಜೀನ್ ಸೊನ್ನೆ, ಟಾಲುಯೀನ್ ಸೊನ್ನೆ, ಝೈಲೀನ್ ಸೊನ್ನೆ. ಕೆಳಗಿಳಿದಾಗ ಲಕ್ಕವ್ವ ಬಾಗಿಲಲ್ಲೇ ನಿಂತಿದ್ದರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಏನೂ ಇಲ್ಲ, ಎಲ್ಲ ಸೊನ್ನೆ" ಎಂದುಬಿಟ್ಟೆ. ಅವರು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ಓಣಿಯವರಿಗೆಲ್ಲ ಹಂಚಿದರು. ವೀರಪ್ಪ ಮಾತ್ರ ಸಕ್ಕರೆ ಬಾಯಿಗೆ ಹಾಕಿಕೊಂಡು ಸುಮ್ಮನೆ ನನ್ನ ಮುಖ ನೋಡಿದರು. ಅಂದು ಮಧ್ಯಾಹ್ನ ಅವರ ಹೆಂಡತಿ ತಲೆನೋವೆಂದು ಮಲಗಿದ್ದರು.

ಒಂದೇ ಓಣಿಯನ್ನು ಅಳೆದರೆ ಸಾಲದು. ಬಸ್ಸು ಲಾರಿ ತಿರುಗುವ ಊರು, ಅದಕ್ಕಿಂತ ಸಣ್ಣ ಊರು, ಆಮೇಲೆ ಏನೂ ಇಲ್ಲದ ಗುಡ್ಡ, ಇಷ್ಟನ್ನು ಪಕ್ಕಕ್ಕಿಟ್ಟುಕೊಂಡರೆ ಬೆಟಗೇರಿಯದು ಹೆಚ್ಚೋ ಕಡಿಮೆಯೋ ಹೇಳಬಹುದು. ಹಾಗಾಗಿ ಸೋಮವಾರ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ವೀರಪ್ಪ ಶುಕ್ರವಾರದವರೆಗೆ ರಜೆ ಹಾಕಿದ್ದರು. ನಾನು ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ನನಗೆ ಸೊನ್ನೆ ದರದ ಟಿಕೆಟ್ ಹರಿದುಕೊಟ್ಟು, ಪೆಟ್ಟಿಗೆಗಳಿಗೆ ಮಾತ್ರ ಲಗೇಜಿನ ಟಿಕೆಟ್ ಕೊಟ್ಟರು.

"ಅಕ್ಕೋರಿಗಿಂತ ಪೆಟಗಿಗೇ ಬೆಲಿ ಜಾಸ್ತಿ ನೋಡ್ರಿ" ಎಂದರು ವೀರಪ್ಪ.

ಸೊರಟೂರು ದಾಟುವಾಗ ಎರಡೂ ಬದಿಗೆ ಕಡಲೆ ಕಿತ್ತ ಹೊಲ, ಕರಿಮಣ್ಣು. ಮಾನಪ್ಪನ ಗೂಡು ನನ್ನ ತೊಡೆಯ ಮೇಲೆ. ಅಷ್ಟು ಚೆಂದದ್ದನ್ನು ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಬಸ್ ನಿಲ್ದಾಣದ ಹತ್ತಿರ ಎದುರುಬದುರಾದ ಎರಡು ಮಾಳಿಗೆ ಸಿಕ್ಕಿದವು. ಕೆಳಗೆ ಟಂಟಂ ಆಟೋ, ಟ್ರ್ಯಾಕ್ಟರ್, ಹೊಗೆಯುಗುಳುವ ಲಾರಿ. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹೊಡೆದು ಮೇಲೆ ಬಂದರೆ ಪರದೆಯ ಮೇಲೆ ಮತ್ತೆ ಮೂರು ಸೊನ್ನೆ. ಇಷ್ಟು ವಾಹನಗಳ ನಡುವೆ ಸೊನ್ನೆ ಬರುವುದುಂಟೇ? ಅಡರಕಟ್ಟಿಯಿಂದ ಸಂತೆಗೆ ಬಂದಿದ್ದ ಹೆಂಗಸೊಬ್ಬರು ಸೆರಗನ್ನು ಮೂಗಿಗೆ ಹಿಡಿದೇ ರಸ್ತೆ ದಾಟುತ್ತಿದ್ದರು. ಅವರಿಗೆ ತಿಳಿದದ್ದು ನನ್ನ ಪೆಟ್ಟಿಗೆಗೆ ತಿಳಿದಿರಲಿಲ್ಲ. ದೀಪ ಹಳತಾಗಿರಬೇಕೆಂದು ಅದರ ಮೇಲೆ ಅನುಮಾನಪಟ್ಟು ಮಲಗಿದೆ.

ಮಂಗಳವಾರ ಶಿರಹಟ್ಟಿ. ಲಕ್ಷ್ಮೇಶ್ವರದಿಂದ ಅರ್ಧ ಗಂಟೆಯ ದಾರಿ. ಊರ ಹೊರಗಿನ ಬಯಲಿನಲ್ಲಿ ದೀಪವನ್ನು ಬಿಚ್ಚಿ, ತೊಳೆದು, ಹೊಸ ಬಲ್ಬು ಹಾಕಿ ನಿಲ್ಲಿಸಿದೆ. ಮತ್ತೆ ಸೊನ್ನೆ. ಅಷ್ಟುಹೊತ್ತು ಬೇವಿನ ನೆರಳಲ್ಲಿ ಮಂಡಕ್ಕಿಯ ಗಿರಮಿಟ್ ತಿನ್ನುತ್ತ ಕೂತಿದ್ದ ವೀರಪ್ಪ ಎದ್ದು ಹೋಗಿ, ಗುರುತಿನವರ ಬೈಕಿನ ಟ್ಯಾಂಕಿಗೆ ಅರಿವೆಯೊಂದನ್ನು ಅದ್ದಿ ತಂದರು. ಬೆಳಕಿನ ಗೆರೆಯ ಕೆಳಗೇ ಅದನ್ನು ಹಿಡಿದು ನಿಂತರು. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಪರದೆಯಲ್ಲಿ ಸೊನ್ನೆ.

"ಈಗ ಹೇಳ್ರಿ ಅಕ್ಕೋರ, ನನ್ನ ಮೂಗು ಖರೇನೋ, ನಿಮ್ಮ ಪೆಟಗಿ ಖರೇನೋ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಬೆಟಗೇರಿಯಲ್ಲಿ ಹಂಚಿದ ಸಕ್ಕರೆ ನೆನಪಾಯಿತು. ಲಕ್ಕವ್ವ ಆ ಸೊನ್ನೆಯನ್ನು ನಂಬಿ ಶುಕ್ರವಾರ ಹಿರಿಯರ ಮುಂದೆ ನಿಲ್ಲುವವರಿದ್ದರು. ಆ ಸೊನ್ನೆಗೆ ಅರ್ಥವೇ ಇರಲಿಲ್ಲ.

ಬುಧವಾರ ಗುಡ್ಡ ಅಳೆಯಲು ಮುಂಡರಗಿಗೆ ಹೋಗುವುದು ಬೇಡ, ನೇರ ಮೈಸೂರಿಗೆ ಓಡಿಬಿಡೋಣ ಎನಿಸಿತ್ತು. ವೀರಪ್ಪ ಬಿಡಲಿಲ್ಲ. ಮುಂಡರಗಿಯಲ್ಲಿ ಒಂದು ಜೀಪು ಹಿಡಿದು ಕಪ್ಪತಗುಡ್ಡದ ಬುಡಕ್ಕೆ ಹೋದೆವು. ಮೇಲೆ ದಿಬ್ಬದ ಉದ್ದಕ್ಕೂ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಣಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲದ ಗಾಳಿ. ಅದರ ಹೊಡೆತಕ್ಕೆ ಮಾನಪ್ಪನ ಗೂಡು ಸ್ಟ್ಯಾಂಡಿನ ಮೇಲೆ ದಡದಡ ಬಡಿದುಕೊಳ್ಳತೊಡಗಿತು. ಕನ್ನಡಿಯ ಹತ್ತಿರವಿದ್ದ ವೀರಪ್ಪ ಗೂಡನ್ನು ಕಳಚಿ ಕೆಳಗಿಟ್ಟರು. ಇತ್ತ ಪರದೆಯ ಎಡಭಾಗದಲ್ಲಿ, ಆ ಕಾಣದ ಬೆಳಕನ್ನು ತೋರಿಸುವ ಜಾಗದಲ್ಲಿ, ನಾಲ್ಕು ದಿನದಿಂದ ನೆಲ ಹಿಡಿದು ಮಲಗಿದ್ದ ಗೆರೆ ಧಡಕ್ಕನೆ ಎದ್ದು ನಿಂತಿತು.

ನಾನು ಕನ್ನಡಿಯ ಕಡೆಗೆ ಓಡಿ, ತಪ್ಪು ಗೂಡಿನ ಗಾಜಿನದು ಎಂದು ವೀರಪ್ಪನವರಿಗೆ ಹೇಳಿದೆ. ಮಾಮೂಲಿ ಗಾಜು ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಬಿಡುತ್ತದೆ. ನಮಗೆ ಬೇಕಾದ ಆ ಕಾಣದ ಬೆಳಕನ್ನು ಮಾತ್ರ ಗೋಡೆಯ ಹಾಗೆ ತಡೆಯುತ್ತದೆ. ವರ್ಷಾ ವರ್ಷಾ ಹೊಸ ಹುಡುಗಿಯರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಇದು. ನಮ್ಮ ಹಳೆಯ ಮುಳ್ಳು ಎಲ್ಲ ಬೆಳಕನ್ನೂ ಒಟ್ಟಿಗೆ ಎಣಿಸಿ ಹಸಿರು ತೋರಿಸುತ್ತಿತ್ತು. ಹಲ್ಲುಗಳಿದ್ದ ಭಾಗವನ್ನು ಒಮ್ಮೆ ಬಿಡಿಸಿ ನೋಡಿದ್ದರೆ ಭಾನುವಾರವೇ ತಿಳಿಯುತ್ತಿತ್ತು. ಗೂಡಿನ ಚೆಂದಕ್ಕೆ ಮರುಳಾಗಿ ನೋಡಿರಲಿಲ್ಲ.

"ಹಂಗಾರ ಕನ್ನಡಿನೂ ಗಾಜ ಅಲ್ಲೇನ್ರಿ?" ಎಂದು ವೀರಪ್ಪ ಕೇಳಿದರು.

"ಅಲ್ಲ, ಅದು ಸ್ಫಟಿಕ. ಅದಕ್ಕೇ ಅಷ್ಟು ಬೆಲೆ."

ಅವರು ಗೂಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪಾಪ, ಮಾನಪ್ಪ ಒಳ್ಳೇದಾಗ್ಲಿ ಅಂತ ಮಾಡ್ಯಾನ. ಓಣ್ಯಾಗಿನ ಮಂದಿ ಹಂಗ ತಿಳಿಯಂಗಿಲ್ರಿ. ಲಕ್ಕವ್ವನ್ನ ಉಳಿಸಾಕ ಬೇಕಂತ ಗಾಜು ಹಾಕ್ಯಾನ ಅಂತಾರ."

ಗುಡ್ಡದ ಗಾಳಿಯಲ್ಲಿ ಮೂರಕ್ಕೂ ನಿಜವಾದ ಸೊನ್ನೆ ಬಂತು. ಗುರುತು ಹಾಕಿಕೊಂಡೆ. ಸಂಜೆ ಬೆಟಗೇರಿ ತಲುಪಿದವಳೇ ಮೊದಲು ಲಕ್ಕವ್ವನ ಮನೆಗೆ ಹೋದೆ. ಮಾನಪ್ಪನನ್ನೂ ಕರೆಸಿದರು. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಭಾನುವಾರದ ಮಾತು ವಾಪಸು ತಗೊಳ್ಳುತ್ತೇನೆ ಎಂದೆ.

"ಅಂದ್ರ ನನ್ನ ತಪ್ಪು ಐತೋ ಇಲ್ಲೋ, ಇನ್ನೂ ಗೊತ್ತಿಲ್ಲ ಅಂದಂಗಾತು" ಎಂದರು ಲಕ್ಕವ್ವ. "ಸಕ್ರಿ ಹೋದ್ರ ಹೋಗ್ಲಿ. ನಾಳಿ ಮತ್ತ ಅಳೀರಿ."

ಮಾನಪ್ಪ ಗೂಡಿನ ಗಾಜಿನ ಮೇಲೆ ಬೆರಳಾಡಿಸುತ್ತ ಕೂತಿದ್ದರು. "ಇಷ್ಟು ಸ್ವಚ್ಛ ಐತಲ್ರಿ. ಇದು ತಡೀತೈತಿ ಅಂದ್ರ ನಂಬಾಕ ಆಗವಲ್ದು" ಎಂದಷ್ಟೇ ಹೇಳಿದರು.

ಗುರುವಾರ ಗೂಡಿಲ್ಲದೆ ಅಳೆದೆ. ಲಕ್ಕವ್ವ ಬೆಳಿಗ್ಗೆ ಹಂಡೆಯನ್ನು ಎಂದಿಗಿಂತ ಜೋರಾಗಿಯೇ ಕಾಯಿಸಿದರು. ಹಬೆ ಮಾಳಿಗೆಯವರೆಗೆ ಬಂತು, ಕೊಳೆತ ವಾಸನೆಯೂ ಬಂತು. ಪರದೆಯಲ್ಲಿ ಮೂರೂ ಆವಿಗಳು ಇದ್ದೂ ಇಲ್ಲದ ಹಾಗೆ, ರಸ್ತೆಯ ಬೈಕುಗಳಿಂದ ಬರುವಷ್ಟು. ಒಂದು ಗಂಟೆಗೆ ಅವರು ಒಲೆ ಆರಿಸಿ, ಮೇಲೆ ಬಂದು ನನ್ನ ಮತ್ತು ವೀರಪ್ಪನವರ ಪಕ್ಕ ಕೂತರು. ಎರಡೂವರೆಯ ಹೊತ್ತಿಗೆ ಟಾಲುಯೀನಿನ ಹಲ್ಲುಗಳು ಒಂದೊಂದಾಗಿ ಮುರಿಯತೊಡಗಿದವು, ಹಿಂದೆಯೇ ಝೈಲೀನಿನವು; ಪರದೆಯಲ್ಲಿ ಅವುಗಳ ಪ್ರಮಾಣ ತೋರಿಸುವ ಗೆರೆ ಏರತೊಡಗಿತು. ಮೂಗಿಗೂ ಪೆಟ್ರೋಲಿನಂಥ ವಾಸನೆ ಬಡಿಯಿತು. ಕೆಳಗೆ, ಪಕ್ಕದ ಮಾನಪ್ಪನ ಮನೆಯಲ್ಲಿ, ಬಣ್ಣ ಸಿಂಪಡಿಸುವ ಕಂಪ್ರೆಸರ್ ಗುರ್ರೆನ್ನುತ್ತಿತ್ತು.

ಹಂಡೆ ಆರಿ ಒಂದೂವರೆ ಗಂಟೆಯಾಗಿತ್ತು. ಲಕ್ಕವ್ವ ದೂರಿನಿಂದ ಪಾರಾಗಿದ್ದರು. ಆದರೆ ಅವರ ಮುಖದಲ್ಲಿ ಭಾನುವಾರದ ನಗು ಬರಲಿಲ್ಲ. "ಅಕ್ಕೋರ, ಆ ಗೆರಿ ಸುಮ್ಮ ಅಳಿಸಿಬಿಡಾಕ ಬರಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ಗಂಡ ತೀರಿಕೊಂಡ ವರ್ಷ ಶೆಡ್ಡಿಗೆ ತಗಡು ಹೊದಿಸಿಕೊಟ್ಟವನು ಇವನೇ ಎಂದರು. ಬರುವುದಿಲ್ಲ ಎಂದೆ. ಅವರೂ ಒತ್ತಾಯ ಮಾಡಲಿಲ್ಲ.

ಕಂಪ್ರೆಸರ್ ನಿಂತಿತು. ಕೈ ಒರೆಸಿಕೊಳ್ಳುತ್ತ ಮಾನಪ್ಪನೇ ಮೇಲೆ ಬಂದರು.

"ಏನಾತ್ರಿ? ಕಂಡಿತೇನು?"

ನಾನು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಅವರು ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗೆರೆ ನಿಧಾನವಾಗಿ ಇಳಿಯುತ್ತಿತ್ತು. ಕೈಕೆಲಸದವರ ಕಣ್ಣು, ಇಳಿಯುವುದನ್ನು ನೋಡುತ್ತ ನೋಡುತ್ತ ಅವರಿಗೆ ಹೊಳೆಯಿತು. "ತಡೀರಿ" ಎಂದವರೇ ಕೆಳಗೆ ಹೋದರು. ಕಂಪ್ರೆಸರ್ ಗುರ್ರೆಂದಿತು, ಸ್ವಲ್ಪ ಹೊತ್ತಿಗೆ ಗೆರೆ ಏರಿತು. ಕಂಪ್ರೆಸರ್ ನಿಂತಿತು, ಗೆರೆ ಇಳಿಯಿತು. ಮೂರು ಸಲ ಹೀಗೆ ಮಾಡಿದರು. ಪ್ರತಿ ಸಲವೂ ಅಂಗಳಕ್ಕೆ ಬಂದು ತಲೆಯೆತ್ತಿ "ಈಗ?" ಎಂದು ಕೂಗಿ ಕೇಳುತ್ತಿದ್ದರು, ವೀರಪ್ಪ "ಏರೈತಿ", "ಇಳದೈತಿ" ಎಂದು ಉತ್ತರ ಕೊಡುತ್ತಿದ್ದರು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ತನ್ನ ಮೇಲಿನ ದೂರನ್ನು ತಾನೇ ಇಷ್ಟು ಆಸ್ಥೆಯಿಂದ ಸಾಬೀತು ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಗಾಜನ್ನು ಬೇಕೆಂದೇ ಹಾಕಿದ ಎನ್ನಲು ಯಾರಿಗೂ ಬಾಯಿ ಉಳಿಯಲಿಲ್ಲ.

ಮೊದಲು ಬ್ರಷ್ಷಿನಲ್ಲಿ ಬಣ್ಣ ಬಳಿಯುತ್ತಿದ್ದವರು, ದಸರೆಯ ಹೊತ್ತಿಗೆ ಈ ಯಂತ್ರ ತಂದಿದ್ದರಂತೆ. ಧೂಳು ಕೂರಬಾರದೆಂದು ಬಾಗಿಲು ಹಾಕಿಕೊಂಡೇ ಸಿಂಪಡಿಸುತ್ತಿದ್ದರು. ಹಿಂಬದಿಯ ಗವಾಕ್ಷಿಯಿಂದ ಹೊರಬಿದ್ದದ್ದು ಓಣಿಗೆ.

ಸಂಜೆ ನಾನು ಪೆಟ್ಟಿಗೆ ಕಟ್ಟುವಾಗ ಅವರು ಮತ್ತೆ ಬಂದರು.

"ಅಕ್ಕೋರ, ಒಂದು ಮಾತು ಕೇಳ್ತೀನಿ. ಇದು ಮಾಳಿಗಿ ಮ್ಯಾಲಿನ ಲೆಕ್ಕ ಹೌದಲ್ರಿ? ಒಳಗ, ನಾ ನಿಂದ್ರೂ ಖೋಲ್ಯಾಗ, ಎಷ್ಟಿರತೈತಿ?"

ಐದು ದಿನ ಗಾಳಿ ಅಳೆದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಓಣಿಗೆ ತಲೆನೋವು ತಂದದ್ದು ಅವರು ಉಸಿರಾಡಿ ಮಿಕ್ಕದ್ದು. "ಅಳೆದಿಲ್ಲ, ಅಷ್ಟು ಸಣ್ಣ ಕೋಣೆಗೆ ಈ ಸಲಕರಣೆ ಆಗಿ ಬರೋದಿಲ್ಲ" ಎಂದೆ. "ಆದರೆ ಇಲ್ಲಿಗಿಂತ ಬಹಳ ಬಹಳ ಹೆಚ್ಚು. ಬಾಗಿಲು ಹಾಕಿಕೊಂಡು ಇನ್ನು ಒಂದು ದಿನವೂ ಮಾಡಬೇಡಿ ಮಾನಪ್ಪ." ಅವರು ಹೂಂ ಎಂದರು. ರಾತ್ರಿ ಊಟ ರುಚಿಸದೆ ಎಷ್ಟೋ ದಿನವಾಯಿತು, ಬಿಸಿಲಿಗೆ ಅಂದುಕೊಂಡಿದ್ದೆ ಎಂದರು.

ಶುಕ್ರವಾರ ಬೆಳಿಗ್ಗೆ ಹಿರಿಯರು ಕೂತರು. ನಾನು ಕಾಗದ ಓದಿದೆ. ಹಂಡೆಯ ಕೊಳೆತ ವಾಸನೆಯನ್ನು ಈ ಅಳತೆಯಲ್ಲಿ ನೋಡಿಲ್ಲ, ಅದಕ್ಕೆ ಹೊಗೆಗೊಳವೆ ಎತ್ತರಿಸುವುದು ಒಳ್ಳೆಯದು ಎಂಬುದನ್ನೂ ಸೇರಿಸಿಯೇ ಓದಿದೆ. ಹಾಗಾದರೆ ಶೆಡ್ಡಿನ ಬದಲು ಟ್ರಂಕಿನ ಕೆಲಸ ಮುಚ್ಚಿಸೋಣ ಎಂದು ಒಬ್ಬರು ಎದ್ದರು. ಲಕ್ಕವ್ವ ಅವರ ಮಾತು ಮುಗಿಯಲು ಬಿಡಲಿಲ್ಲ.

"ಮುಚ್ಚೂದೇನು ದೊಡ್ಡ ಕೆಲಸ. ನನ್ನ ಶೆಡ್ಡಿನ ಹಿಂದ ನೂಲು ಒಣ ಹಾಕೂ ಬಯಲು ಐತಿ, ಅದರಾಚಿ ಬರೇ ಹೊಲ. ಮಧ್ಯಾನದ ತನಕ ನಂದು, ಆಮ್ಯಾಲೆ ಅವಂದು. ಆದ್ರ ಮಾನಪ್ಪಾ, ನನ್ನ ನೂಲಿನ ಮ್ಯಾಲೆ ಒಂದು ಹನಿ ಹಸಿರು ಬಿದ್ದರ ನಿನ್ನ ಟ್ರಂಕಿನ್ಯಾಗ ನಿನ್ನ ಹಾಕಿ ಕೀಲಿ ಜಡಿತೀನಿ."

ಸಭೆ ನಕ್ಕಿತು. ಬ್ರಷ್ಷಿನಲ್ಲಾಗುವುದನ್ನು ಬ್ರಷ್ಷಿನಲ್ಲೇ ಮಾಡುತ್ತೇನೆ ಎಂದು ಮಾನಪ್ಪ ಒಪ್ಪಿದರು. ಇದರಿಂದ ಎಲ್ಲ ಸರಿಯಾಯಿತೆಂದು ನಾನು ಹೇಳಲಾರೆ, ತೆರೆದ ಬಯಲಿನಲ್ಲೂ ಥಿನ್ನರ್ ಥಿನ್ನರೇ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆಯಬೇಕೆಂದು ಕಾಗದದ ಕೆಳಗೆ ಬರೆದು ಸಹಿ ಹಾಕಿದೆ.

ರೈಲು ಮೂರೂವರೆಗೆ. ಆಟೋಗೆ ಪೆಟ್ಟಿಗೆ ಏರಿಸುವಾಗ ಮಾನಪ್ಪ ಗೂಡನ್ನು ತಂದು ನನ್ನ ಕೈಗಿತ್ತರು. ಗಾಜು ತೆಗೆದು, ಕೈಗೆ ತಾಗದ ಹಾಗೆ ಚೌಕಟ್ಟಿನ ಅಂಚನ್ನು ಒಳಕ್ಕೆ ಮಡಿಚಿದ್ದರು. ಧೂಳಿಗೆಂದು ಬೇರೆಯಾಗಿ ತಗಡಿನ ಮುಚ್ಚಳವೊಂದನ್ನು ಮಾಡಿದ್ದರು, ಅಳೆಯುವಾಗ ತೆಗೆದಿಡಲು ಬರುವಂಥದ್ದು.

ಆಟೋ ಶೆಡ್ಡಿನ ಹಿಂಬದಿಯಿಂದಲೇ ಸುತ್ತಿ ಬಂತು. ಬಯಲಿನಲ್ಲಿ ಲಕ್ಕವ್ವ ಗಳುವಿನ ಮೇಲಿನ ನೀಲಿ ನೂಲನ್ನು ಅವಸರದಿಂದ ಎತ್ತಿ ಒಳಗಿಡುತ್ತಿದ್ದರು. ಮಾನಪ್ಪ ತಲೆಯ ಮೇಲೆ ಬಣ್ಣ ಕಾಣದ ಟ್ರಂಕು ಹೊತ್ತು ತಂದು ನಡುವೆ ಇಟ್ಟು, ಬಣ್ಣದ ಡಬ್ಬಿ ತೆರೆಯಲು ಬಗ್ಗಿದರು.

"ಎಲ್ಲಿ ನಿಂತೀಯೋ?" ಎಂದು ಲಕ್ಕವ್ವ ಗದರಿದ್ದು ಆಟೋದವರೆಗೆ ಕೇಳಿಸಿತು. "ಮೊದ್ಲ ಗಾಳಿ ಯಾ ಕಡಿಂದ ಬರತೈತಿ ನೋಡು, ಆಮ್ಯಾಲೆ ನಿಂದ್ರು."

ಮಾನಪ್ಪ ಒಂದು ನೂಲಿನ ಎಳೆಯನ್ನು ಎತ್ತಿ ಹಿಡಿದು, ಅದು ಹಾರಿದ ಕಡೆಯನ್ನು ನೋಡಿಕೊಂಡು, ಗಾಳಿಗೆ ಬೆನ್ನು ಮಾಡಿ ಟ್ರಂಕಿನ ಈಚೆ ಬದಿಗೆ ಬಂದು ನಿಂತರು.